ಬ್ಯಾಂಕಾಕ್‌ನಲ್ಲಿ ರೈಲು, ದೋಣಿ, ಬಸ್ಸು ಹಿಡಿದು ಓಡಾಡುವುದು ಹೇಗೆ?

ಮೊದಲ ಸಲ ಬ್ಯಾಂಕಾಕ್‌ಗೆ ಹೋದಾಗ ಸಂಜೆ ಆರು ಗಂಟೆಗೆ ಸುಖುಮ್ವಿತ್ ರಸ್ತೆಯಲ್ಲಿ ಟ್ಯಾಕ್ಸಿ ಹತ್ತಿದೆ. ಹೋಗಬೇಕಾಗಿದ್ದದ್ದು ಮೂರು ಕಿಲೋಮೀಟರ್. ಹಿಡಿದದ್ದು ಒಂದು ಗಂಟೆಯ ಮೇಲೆ. ಅಷ್ಟು ಹೊತ್ತೂ ನೆತ್ತಿಯ ಮೇಲೆ ಕಂಬಗಳ ಮೇಲಿನ ರೈಲು ಕೆಲವೇ ನಿಮಿಷಕ್ಕೊಂದರಂತೆ ಹೋಗುತ್ತಲೇ ಇತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಅಭ್ಯಾಸ ಇದ್ದವರಿಗೆ ಈ ಚಿತ್ರ ವಿವರಿಸಬೇಕಾಗಿಲ್ಲ. ಅಲ್ಲಿಯವರು ಟ್ರಾಫಿಕ್ ಜಾಮಿಗೆ 'ರೊತ್ ತಿತ್' ಅನ್ನುತ್ತಾರೆ. ವಾಹನ ಅಂಟಿಕೊಂಡಿದೆ ಅಂತ ಅರ್ಥ.

ಅದಾದ ಮೇಲೆ ಹಲವು ಸಲ ಹೋಗಿ ಬಂದಿದ್ದೇನೆ. ಕೊನೆಯ ಸಲ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಮಂಡಿ ನೋವು. ಆರು ದಿನದಲ್ಲಿ ನಾವು ಟ್ಯಾಕ್ಸಿ ಹತ್ತಿದ್ದು ಎರಡೇ ಸಲ. ಆಗ ನಾನು ಪಾಲಿಸಿದ ಕ್ರಮ ಇಷ್ಟೇ: ಮೊದಲು ರೈಲು ಹೋಗುತ್ತಾ ನೋಡುವುದು. ಇಲ್ಲದಿದ್ದರೆ ದೋಣಿ ಹೋಗುತ್ತಾ ನೋಡುವುದು. ರಸ್ತೆ ಕೊನೆಗೆ. ಕೆಳಗಿನದೆಲ್ಲ ಈ ಕ್ರಮದ ವಿವರ.

ದರಗಳನ್ನು ಥಾಯ್ ಬಾತ್‌ನಲ್ಲೇ ಕೊಟ್ಟಿದ್ದೇನೆ. ಒಂದು ಬಾತ್ ಅಂದರೆ ಸುಮಾರು ಎರಡೂವರೆಯಿಂದ ಮೂರು ರೂಪಾಯಿ. ದರ ಆಗಾಗ ಒಂದೆರಡು ಬಾತ್ ಏರುತ್ತೆ, ಇಳಿಯುತ್ತೆ. ಹಾಗಾಗಿ ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಊರು ಬಿಡುವ ಮೊದಲು

ಮನೆಯಲ್ಲೇ ಮುಗಿಸಬೇಕಾದ ಕೆಲಸ ಎರಡು. ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಮೇಲೆ ಕಾಂಟ್ಯಾಕ್ಟ್‌ಲೆಸ್ ಗುರುತು, ಅಂದರೆ ವೈಫೈ ತರಹದ ನಾಲ್ಕು ಗೆರೆ, ಇದೆಯಾ ನೋಡಿ. ಇದ್ದರೆ ಬ್ಯಾಂಕಿನ ಆ್ಯಪ್ ತೆರೆದು ವಿದೇಶದ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ. ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಎರಡನ್ನೂ ಆಫ್ ಮಾಡಿಟ್ಟಿರುತ್ತವೆ. ಅಲ್ಲಿ ಹೋಗಿ ಗೇಟಿನ ಮುಂದೆ ನಿಂತು ಓಟಿಪಿಗೆ ಕಾಯುವ ಕಷ್ಟ ಬೇಡ.

ಇನ್ನೊಂದು, ಹೋಟೆಲಿನ ಹೆಸರು, ವಿಳಾಸ, ಫೋನ್ ನಂಬರ್ ಮೂರನ್ನೂ ಥಾಯ್ ಲಿಪಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಒಂದೇ ಜಾಗದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ತರಹ ಬರೆಯುತ್ತಾರೆ. ನಾವು ಓದುವುದು ಐದನೇ ತರಹ. ಟ್ಯಾಕ್ಸಿಯವರಿಗೆ ನಮ್ಮ ಉಚ್ಚಾರ ಅರ್ಥವಾಗದೇ ಇರುವುದು ಅವರ ತಪ್ಪಲ್ಲ, ನಮ್ಮ ತಪ್ಪೂ ಅಲ್ಲ. ಥಾಯ್ ಭಾಷೆಯಲ್ಲಿ ರಾಗ ಬದಲಾದರೆ ಪದವೇ ಬದಲಾಗುತ್ತೆ. ಫೋನ್ ತೋರಿಸಿದರೆ ಕೆಲಸ ಆಗುತ್ತೆ.

ಹೋಟೆಲ್ ಎಲ್ಲಿ ಹಿಡಿಯಬೇಕು?

ಓಡಾಟದ ಅರ್ಧ ಕೆಲಸ ಇಲ್ಲೇ ತೀರ್ಮಾನವಾಗುತ್ತೆ. ಬ್ಯಾಂಕಾಕ್‌ನ ರಸ್ತೆಗಳ ರೀತಿ ನಮ್ಮದಕ್ಕಿಂತ ಬೇರೆ. ಒಂದು ಉದ್ದನೆಯ ದೊಡ್ಡ ರಸ್ತೆ. ಅದರಿಂದ ಎರಡೂ ಕಡೆ ಬಾಚಣಿಗೆಯ ಹಲ್ಲಿನಂತೆ ಹೊರಟ ಗಲ್ಲಿಗಳು. ಗಲ್ಲಿಗೆ 'ಸೊಯ್' ಅನ್ನುತ್ತಾರೆ. ಎಷ್ಟೋ ಸೊಯ್‌ಗಳು ಮುಂದೆ ಹೋಗಿ ಎಲ್ಲಿಗೂ ಸೇರುವುದಿಲ್ಲ, ಅಲ್ಲೇ ಮುಗಿಯುತ್ತವೆ. ಹಾಗಾಗಿ ವಾಹನಗಳೆಲ್ಲ ದೊಡ್ಡ ರಸ್ತೆಗೇ ಬಂದು ಬೀಳಬೇಕು. ಜಾಮ್ ಆಗುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಸೊಯ್‌ಗಳಿಗೆ ನಂಬರ್ ಇರುತ್ತೆ. ಒಂದು ಬದಿಗೆ ಬೆಸ, ಇನ್ನೊಂದು ಬದಿಗೆ ಸಮ. ಸುಖುಮ್ವಿತ್‌ನಲ್ಲಿ ಉತ್ತರಕ್ಕೆ ಬೆಸ ಸಂಖ್ಯೆ, ದಕ್ಷಿಣಕ್ಕೆ ಸಮ ಸಂಖ್ಯೆ. ಆದರೆ ಎದುರುಬದುರಿನ ನಂಬರ್ ಹತ್ತಿರ ಇರಲೇಬೇಕು ಅಂತಿಲ್ಲ. 63ನೇ ಸೊಯ್, ಅಂದರೆ ಎಕ್ಕಮೈ, ಇರುವುದು ಹೆಚ್ಚುಕಮ್ಮಿ 42ರ ಎದುರಿಗೆ. '62ರಲ್ಲಿ ಹೋಟೆಲ್ ಇದೆ, 63ರ ಹತ್ತಿರ ಇಳಿದರೆ ಆಯ್ತು' ಅಂದುಕೊಂಡು ಇಳಿದರೆ ಬಿಸಿಲಿನಲ್ಲಿ ಕಿಲೋಮೀಟರ್‌ಗಟ್ಟಲೆ ನಡೆಯಬೇಕು.

ಹೋಟೆಲ್ ಜಾಹೀರಾತಿನಲ್ಲಿ 'ಸ್ಟೇಷನ್ ಹತ್ತಿರ' ಅಂದಿದ್ದರೆ ನಂಬಬೇಡಿ. ಮ್ಯಾಪ್ ತೆರೆದು, ಸ್ಟೇಷನ್ನಿನಿಂದ ಹೋಟೆಲ್ ಬಾಗಿಲಿಗೆ ನಡೆಯುವ ದೂರ ನೋಡಿ. ಐನೂರು ಮೀಟರ್ ಒಳಗಿದ್ದರೆ ಕಣ್ಣುಮುಚ್ಚಿ ಬುಕ್ ಮಾಡಬಹುದು. ಒಂದು ಕಿಲೋಮೀಟರ್ ದಾಟಿದರೆ ಎಷ್ಟು ಅಗ್ಗ ಇದ್ದರೂ ಬಿಡಿ. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರಂತೂ ಈ ಮಾತನ್ನು ಮೀರಬೇಡಿ. ಎರಡು ಮಾರ್ಗ ಸೇರುವ ಅಸೋಕ್, ಸ್ವಲ್ಪ ಅಗ್ಗದ ಓನ್ ನುತ್, ಏರ್‌ಪೋರ್ಟ್ ರೈಲು ಬಂದು ನಿಲ್ಲುವ ಫಯಾ ಥಾಯ್, ಈ ಮೂರೂ ಕಡೆ ಉಳಿದಿದ್ದೇನೆ. ಅಮ್ಮನ ಜೊತೆ ಹೋದಾಗ ಉಳಿದದ್ದು ಫಯಾ ಥಾಯ್‌ನಲ್ಲಿ. ಸಾಮಾನು ಎಳೆದುಕೊಂಡು ರೈಲು ಬದಲಿಸುವ ಕಷ್ಟ ತಪ್ಪಿತು.

ವಿಮಾನ ನಿಲ್ದಾಣದಿಂದ ಊರೊಳಗೆ

ಊರಿಗೆ ಎರಡು ವಿಮಾನ ನಿಲ್ದಾಣ. ಟಿಕೆಟ್‌ನಲ್ಲಿ ಯಾವುದು ಅಂತ ಮೊದಲೇ ನೋಡಿಕೊಳ್ಳಿ. ದೊಡ್ಡದು ಸುವರ್ಣಭೂಮಿ, 2006ರಲ್ಲಿ ತೆರೆದದ್ದು. ಅಲ್ಲಿಯವರು 'ಸುವನ್ನಫೂಮ್' ಅನ್ನುತ್ತಾರೆ. ಅಗ್ಗದ ವಿಮಾನಗಳು ಜಾಸ್ತಿ ಇಳಿಯುವುದು ಹಳೆಯ ಡಾನ್ ಮುವಾಂಗ್‌ನಲ್ಲಿ.

ಸುವರ್ಣಭೂಮಿಯಲ್ಲಿ ಇಳಿದವರು ನೆಲಮಾಳಿಗೆಗೆ ಇಳಿದು ಏರ್‌ಪೋರ್ಟ್ ರೈಲ್ ಲಿಂಕ್ ಹಿಡಿಯಿರಿ. 2010ರಿಂದ ಓಡುತ್ತಿದೆ. ಒಟ್ಟು ಎಂಟು ನಿಲ್ದಾಣ, ಕೊನೆಯದು ಫಯಾ ಥಾಯ್. ಸುಮಾರು ಅರ್ಧ ಗಂಟೆಯ ದಾರಿ, 45 ಬಾತ್. ಬೆಳಗ್ಗೆ ಆರರ ಆಸುಪಾಸಿನಿಂದ ನಡುರಾತ್ರಿವರೆಗೆ ಇರುತ್ತೆ. ಮೆಷಿನ್ನಿನಿಂದ ಬರುವ ಟಿಕೆಟ್ ದುಂಡನೆಯ ಪ್ಲಾಸ್ಟಿಕ್ ಬಿಲ್ಲೆ. ನಮ್ಮ ಮೆಟ್ರೊದ ಟೋಕನ್ ಥರಾನೇ: ಒಳಗೆ ಹೋಗುವಾಗ ಮುಟ್ಟಿಸುವುದು, ಹೊರಗೆ ಬರುವಾಗ ಸೀಳಿನಲ್ಲಿ ಹಾಕುವುದು.

ಎಲ್ಲಿ ಇಳಿಯಬೇಕು ಅನ್ನುವುದು ಹೋಟೆಲಿನ ಮೇಲೆ ಹೋಗುತ್ತೆ. ಕಂಬದ ಮೇಲಿನ ಬಿಟಿಎಸ್ ರೈಲು ಬೇಕಿದ್ದರೆ ಫಯಾ ಥಾಯ್. ನೆಲದಡಿಯ ಎಂಆರ್‌ಟಿ ಬೇಕಿದ್ದರೆ ಎರಡು ನಿಲ್ದಾಣ ಮೊದಲು, ಮಕ್ಕಸಾನ್‌ನಲ್ಲಿ ಇಳಿದು ಮೇಲ್ಸೇತುವೆ ಮೇಲೆ ನಡೆದು ಫೆಚ್ಚಬುರಿ ಸ್ಟೇಷನ್ ಸೇರಬೇಕು. ಖಾವ್ ಸಾನ್ ರಸ್ತೆಯ ಕಡೆ ಉಳಿಯುವವರಿಗೆ ಎಸ್1 ಬಸ್ ಇದೆ, 60 ಬಾತ್. ಅಲ್ಲಿಗೆ ರೈಲು ಹೋಗುವುದಿಲ್ಲ.

ಡಾನ್ ಮುವಾಂಗ್‌ನಲ್ಲಿ ಇಳಿದರೆ ಎದುರಿಗೇ ಕೆಂಪು ಮಾರ್ಗದ ರೈಲು ನಿಲ್ದಾಣ ಇದೆ, ನಡೆದುಹೋಗುವ ಸೇತುವೆಯೂ ಇದೆ. ಆ ರೈಲು ಕ್ರುಂಗ್ ಥೇಪ್ ಅಫಿವತ್ ಅನ್ನುವ ದೊಡ್ಡ ನಿಲ್ದಾಣಕ್ಕೆ ತಂದು ಬಿಡುತ್ತೆ. ಅಲ್ಲಿಂದ ಬಾಂಗ್ ಸೂ ಎಂಆರ್‌ಟಿ. ಅಥವಾ ಎ1 ಬಸ್ ಹತ್ತಿದರೆ 30 ಬಾತ್‌ಗೆ ಮೊ ಚಿತ್ ಬಿಟಿಎಸ್ ಸ್ಟೇಷನ್ ಹತ್ತಿರ ಇಳಿಯಬಹುದು.

ಬಿಟಿಎಸ್: ಕಂಬದ ಮೇಲಿನ ರೈಲು

1999ರ ಡಿಸೆಂಬರ್ 5ರಂದು ಶುರುವಾದ ರೈಲು ಇದು. ಮುಖ್ಯ ಮಾರ್ಗ ಎರಡೇ. ತಿಳಿ ಹಸಿರಿನದು ಸುಖುಮ್ವಿತ್, ಗಾಢ ಹಸಿರಿನದು ಸೀಲೊಮ್. ಎರಡೂ ಸೇರುವ ಜಾಗ ಸಯಾಮ್. ನಮ್ಮ ಮೆಜೆಸ್ಟಿಕ್ ಇದ್ದಂತೆ.

ಹೆಸರು ನೆನಪಿಟ್ಟುಕೊಳ್ಳುವುದು ಕಷ್ಟ ಆದರೆ ಸಂಖ್ಯೆ ನೋಡಿ. ಸಯಾಮ್ ನಡುಮಧ್ಯ. ಅಲ್ಲಿಂದ ಪೂರ್ವಕ್ಕೆ ಹೋಗುವ ಸ್ಟೇಷನ್‌ಗಳಿಗೆ ಇ1, ಇ2 ಅಂತ. ಉತ್ತರಕ್ಕೆ ಎನ್, ದಕ್ಷಿಣಕ್ಕೆ ಎಸ್. ಅಸೋಕ್ ಇ4, ಓನ್ ನುತ್ ಇ9, ಫಯಾ ಥಾಯ್ ಎನ್2, ನದಿ ದಂಡೆಯ ಸಫಾನ್ ತಾಕ್ಸಿನ್ ಎಸ್6. ಇ4ರಲ್ಲಿ ಕೂತು ಇ9ಕ್ಕೆ ಹೋಗಬೇಕಿದ್ದರೆ ಐದು ಎಣಿಸಿದರೆ ಆಯ್ತು.

ಕನ್ನಡದವರಿಗೆ ಇನ್ನೊಂದು ಅನುಕೂಲ ಇದೆ. ಥಾಯ್ ಹೆಸರುಗಳಲ್ಲಿ ಸಂಸ್ಕೃತ, ಪಾಳಿ ಪದ ತುಂಬಾ. ರೈಲಿನಲ್ಲಿ 'ಸಥಾನೀ ತೋ ಪೈ' ಅಂತ ಕೂಗಿದಾಗ ಅಮ್ಮ ಎರಡನೇ ದಿನವೇ ಕೇಳಿದರು, "ಸ್ಥಾನ ಅಂತಿದ್ದಾಳೆ ಅಲ್ವಾ?" ಹೌದು. ಸಥಾನೀ ಅಂದರೆ ನಿಲ್ದಾಣ. 'ಸಥಾನೀ ತೋ ಪೈ' ಅಂದರೆ ಮುಂದಿನ ನಿಲ್ದಾಣ. ಆಮೇಲೆ ನಾವಿಬ್ಬರೂ ನಕ್ಷೆ ಹಿಡಿದು ಹುಡುಕುತ್ತಾ ಕೂತೆವು. ರಾಚ್ಚಥೇವಿ ಅಂದರೆ ರಾಜದೇವಿ. ಥೊನ್‌ಬುರಿ ಅಂದರೆ ಧನಪುರಿ. ಫೆಚ್ಚಬುರಿ ಅಂದರೆ ವಜ್ರಪುರಿ. ಹೀಗೆ ಬಿಡಿಸಿಕೊಂಡ ಹೆಸರು ಮರೆತುಹೋಗುವುದಿಲ್ಲ.

ಟಿಕೆಟ್ ವಿಷಯಕ್ಕೆ ಬರೋಣ. ಒಂದು ಸಲದ ಪ್ರಯಾಣಕ್ಕೆ 17 ಬಾತ್‌ನಿಂದ ಶುರು. ಊರ ನಡುವಿನ ಓಡಾಟ 50ರ ಒಳಗೇ ಮುಗಿಯುತ್ತೆ. ಕೆಲವು ಹಳೆಯ ಮೆಷಿನ್‌ಗಳು ನಾಣ್ಯ ಮಾತ್ರ ತೆಗೆದುಕೊಳ್ಳುತ್ತವೆ. ನೋಟು ಕೊಟ್ಟರೆ ಕೌಂಟರಿನಲ್ಲಿ ಚಿಲ್ಲರೆ ಕೊಡುತ್ತಾರೆ. ಎರಡು ದಿನಕ್ಕಿಂತ ಜಾಸ್ತಿ ಇರುವವರು ಮೊದಲೇ ಹಣ ತುಂಬಿಸಿ ಗೇಟಿಗೆ ಮುಟ್ಟಿಸುವ ರ‍್ಯಾಬಿಟ್ ಕಾರ್ಡ್ ಮಾಡಿಸಿ. ಅದಕ್ಕೆ ಪಾಸ್‌ಪೋರ್ಟ್ ಬೇಕು, ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು. ದಿನವಿಡೀ ಹತ್ತಿ ಇಳಿಯುವವರಿಗೆ 150 ಬಾತ್ ಆಸುಪಾಸಿನ ಒಂದು ದಿನದ ಪಾಸೂ ಇದೆ. ಆದರೆ ಅದು ಬಿಟಿಎಸ್‌ಗೆ ಮಾತ್ರ. ದಿನಕ್ಕೆ ಮೂರು ಸಲ ಹತ್ತುವವರಿಗೆ ಪಾಸ್ ನಷ್ಟವೇ.

ಸಯಾಮ್‌ನಲ್ಲಿ ಮಾರ್ಗ ಬದಲಿಸುವುದನ್ನು ಒಂದು ಸಲ ತಲೆಯಲ್ಲಿ ಕೂರಿಸಿಕೊಂಡರೆ ಮುಂದೆ ಹುಡುಕಾಟ ಇಲ್ಲ. ಪ್ಲಾಟ್‌ಫಾರ್ಮ್ ಎರಡು ಅಂತಸ್ತಿನಲ್ಲಿವೆ. ಮೇಲಿನ ಅಂತಸ್ತಿನಲ್ಲಿ ಖೂ ಖೊತ್ (ಫಯಾ ಥಾಯ್ ದಿಕ್ಕು) ಕಡೆಯ ರೈಲು ಮತ್ತು ನ್ಯಾಷನಲ್ ಸ್ಟೇಡಿಯಂ ಕಡೆಯ ರೈಲು. ಕೆಳಗಿನ ಅಂತಸ್ತಿನಲ್ಲಿ ಖೇಹಾ (ಅಸೋಕ್ ದಿಕ್ಕು) ಕಡೆಯದು ಮತ್ತು ಬಾಂಗ್ ವಾ (ನದಿಯ ದಿಕ್ಕು) ಕಡೆಯದು. ಫಯಾ ಥಾಯ್‌ನಿಂದ ಬಂದು ನದಿಯ ಕಡೆ ಹೋಗುವವರು ರೈಲಿನಿಂದ ಇಳಿದು ಎದುರಿಗೇ ನಿಂತರೆ ಸಾಕು. ಅಸೋಕ್ ಕಡೆಯಿಂದ ಬಂದು ನದಿಗೆ ಹೋಗುವವರು ಒಂದು ಅಂತಸ್ತು ಕೆಳಗಿಳಿಯಬೇಕು.

ಮಂಡಿ ನೋವಿನವರಿಗಾಗಿ ಒಂದು ಮಾತು. ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ, ಆದರೆ ಎಲ್ಲಾ ಬಾಗಿಲಿನಲ್ಲೂ ಇರುವುದಿಲ್ಲ. ನಾವು ಎರಡು ಸಲ ಎಸ್ಕಲೇಟರ್ ಇಲ್ಲದ ಬಾಗಿಲಿಗೆ ಹೋಗಿ, ಎರಡು ಅಂತಸ್ತು ಮೆಟ್ಟಿಲು ಇಳಿಯಬೇಕಾಯ್ತು. ಗೇಟ್ ದಾಟುವ ಮೊದಲೇ ಗೋಡೆ ಮೇಲಿನ ನಕ್ಷೆಯಲ್ಲಿ ಲಿಫ್ಟ್ ಚಿಹ್ನೆ ಯಾವ ನಂಬರಿನ ಬಾಗಿಲ ಹತ್ತಿರ ಇದೆ ನೋಡಿಕೊಳ್ಳಿ. ಸುಮ್ನೆ ಜನ ಹೋಗುವ ಕಡೆ ಹೋಗಬೇಡಿ.

ಬೆಳಗ್ಗೆ ಎಂಟು ಮತ್ತು ಸಂಜೆ ಆರಕ್ಕೆ ಸ್ಟೇಷನ್‌ನಲ್ಲಿ ಇದ್ದರೆ ರಾಷ್ಟ್ರಗೀತೆ ಕೇಳಿಸುತ್ತೆ. ಎಲ್ಲರೂ ನಡೆಯುವುದನ್ನು ನಿಲ್ಲಿಸಿ ಹಾಗೇ ನಿಲ್ಲುತ್ತಾರೆ. ನೀವೂ ನಿಲ್ಲಿ. ಗೀತೆ ಮುಗಿದ ಕೂಡಲೇ ಮತ್ತೆ ಅದೇ ಓಟ. ಬಾಗಿಲ ಹತ್ತಿರದ ಕೆಲವು ಸೀಟುಗಳಲ್ಲಿ ಬೌದ್ಧ ಭಿಕ್ಷುಗಳ ಚಿತ್ರವೂ ಇರುತ್ತೆ. ಅವರು ಬಂದರೆ ಎದ್ದು ಬಿಟ್ಟುಕೊಡಬೇಕು. ಹೆಂಗಸರು ಭಿಕ್ಷುಗಳ ಮೈ ಮುಟ್ಟಬಾರದು ಅನ್ನುವ ರೂಢಿ ಇದೆ. ಅದಕ್ಕೇ ಪಕ್ಕದಲ್ಲಿ ಕೂರುವುದನ್ನೂ ತಪ್ಪಿಸುತ್ತಾರೆ. ರೈಲಿನಲ್ಲಿ ತಿನ್ನುವುದು, ಕುಡಿಯುವುದು ಇಲ್ಲ. ಕಟು ವಾಸನೆಯ ದುರಿಯನ್ ಹಣ್ಣನ್ನಂತೂ ಒಳಗೆ ತರುವ ಹಾಗೇ ಇಲ್ಲ.

ಎಂಆರ್‌ಟಿ: ಹೆಸರು ಬೇರೆ, ಜಾಗ ಒಂದೇ

ನೆಲದಡಿಯ ನೀಲಿ ಮಾರ್ಗ 2004ರಲ್ಲಿ ಶುರುವಾಯ್ತು. ಇದನ್ನು ನಡೆಸುವವರು ಬೇರೆ, ಬಿಟಿಎಸ್ ನಡೆಸುವವರು ಬೇರೆ. ಆದ್ದರಿಂದ ಟಿಕೆಟ್ ಕೂಡ ಬೇರೆ. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ಒಂದೇ ಜಾಗದಲ್ಲಿ ಎರಡು ರೈಲು ಸಿಕ್ಕರೂ ಸ್ಟೇಷನ್ ಹೆಸರು ಬೇರೆಬೇರೆ. ಬಿಟಿಎಸ್‌ನಲ್ಲಿ ಅಸೋಕ್ ಆಗಿದ್ದದ್ದು ಎಂಆರ್‌ಟಿಯಲ್ಲಿ ಸುಖುಮ್ವಿತ್. ಸಾಲಾ ದೇಂಗ್ ಇಲ್ಲಿ ಸೀಲೊಮ್. ಮೊ ಚಿತ್ ಇಲ್ಲಿ ಚತುಚಕ್ ಪಾರ್ಕ್. ಈ ಮೂರನ್ನು ಬರೆದಿಟ್ಟುಕೊಳ್ಳಿ. ಇಲ್ಲಿ ಗೇಟಿನಿಂದ ಹೊರಬಂದು, ಸ್ವಲ್ಪ ನಡೆದು, ಮತ್ತೆ ಹೊಸ ಟಿಕೆಟ್ ತಗೋಬೇಕು.

ಮನೆಯಲ್ಲಿ ಆನ್ ಮಾಡಿಟ್ಟ ಕಾರ್ಡ್ ಕೆಲಸಕ್ಕೆ ಬರುವುದು ಎಂಆರ್‌ಟಿಯಲ್ಲಿ. ಗೇಟಿಗೆ ಕಾರ್ಡ್ ಮುಟ್ಟಿಸಿ ಒಳಗೆ, ಅದೇ ಕಾರ್ಡ್ ಮುಟ್ಟಿಸಿ ಹೊರಗೆ. ಒಂದು ಕಾರ್ಡ್‌ನಲ್ಲಿ ಇಬ್ಬರು ಹೋಗಲು ಆಗುವುದಿಲ್ಲ. ಒಳಗೆ ಹೋಗುವ ಮೊದಲು ಬ್ಯಾಗ್ ತಪಾಸಣೆ ಇರುತ್ತೆ, ನಮ್ಮ ಮೆಟ್ರೊದಂತೆ.

ಈ ಮಾರ್ಗದಿಂದ ಪ್ರವಾಸಿಗಳಿಗೆ ಆದ ಉಪಕಾರ ದೊಡ್ಡದು. 2019ರಲ್ಲಿ ಇದು ಹಳೇ ಊರಿನೊಳಕ್ಕೆ ಬಂತು. ವತ್ ಮಂಗ್ಕೊನ್‌ನಲ್ಲಿ ಇಳಿದರೆ ಚೈನಾಟೌನ್. ಸಾಮ್ ಯೊತ್‌ನಲ್ಲಿ ಇಳಿದರೆ ಫಾಹುರತ್, ಅಂದರೆ ಭಾರತೀಯರ ಪೇಟೆ. ಬಟ್ಟೆ ಅಂಗಡಿಗಳು, ದೊಡ್ಡ ಗುರುದ್ವಾರ, ಸುತ್ತ ಸಸ್ಯಾಹಾರಿ ಊಟದ ಹೋಟೆಲುಗಳು. ಚಪಾತಿ ನೋಡಿ ಅಮ್ಮನಿಗೆ ಸಮಾಧಾನ ಆಯ್ತು. ಅದರ ಮುಂದಿನದು ಸನಾಮ್ ಚೈ. ಅರಮನೆ, ವತ್ ಫೋ ಎಲ್ಲ ಅದರ ಹತ್ತಿರ. ವತ್ ಅಂದರೆ ಬೌದ್ಧ ದೇವಸ್ಥಾನ. ಆ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಹೊರಗೆ ಓಡಬೇಡಿ. ಹಳೇ ಅರಮನೆಯ ಸಭಾಂಗಣದ ಹಾಗೆ ಕಟ್ಟಿದ್ದಾರೆ. ಸಾಲು ಕಂಬ, ಮೇಲೆ ಕೆಂಪು ಚಾವಣಿ, ಅದರಲ್ಲಿ ಚಿನ್ನದ ಬಣ್ಣದ ಹೂವು. ಐದು ನಿಮಿಷ ನಿಂತು ನೋಡಿ.

ನದಿಯ ದೋಣಿ

ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ನನಗೂ ಅಷ್ಟೇ.

ಸಫಾನ್ ತಾಕ್ಸಿನ್ ಬಿಟಿಎಸ್ ಸ್ಟೇಷನ್ ಕೆಳಗೇ ಸಾಥೊನ್ ಅನ್ನುವ ದೋಣಿ ಕಟ್ಟೆ. ಚಾವ್ ಫ್ರಯಾ ನದಿಯಲ್ಲಿ ಓಡುವ ದೊಡ್ಡ ದೋಣಿಗಳು ಇಲ್ಲಿಂದ ಉತ್ತರಕ್ಕೆ ಹೊರಡುತ್ತವೆ. ಯಾವ ದೋಣಿ ಅಂತ ಗೊತ್ತಾಗುವುದು ಅದರ ಬಾವುಟದ ಬಣ್ಣದಿಂದ. ನಿಮಗೆ ಬೇಕಾದದ್ದು ಕಿತ್ತಳೆ ಬಾವುಟದ್ದು. ಹಗಲಿಡೀ ಓಡುತ್ತೆ, ಎಲ್ಲಿ ಹತ್ತಿ ಎಲ್ಲಿ ಇಳಿದರೂ ಒಂದೇ ದರ, 16 ಬಾತ್. ಹಳದಿ ಮತ್ತು ಹಸಿರು ಬಾವುಟದವು ಆಫೀಸಿಗೆ ಹೋಗಿ ಬರುವವರ ದೋಣಿಗಳು. ಬೆಳಗ್ಗೆ, ಸಂಜೆ ಮಾತ್ರ ಬರುತ್ತವೆ, ಎಲ್ಲಾ ಕಟ್ಟೆಗಳಲ್ಲೂ ನಿಲ್ಲುವುದಿಲ್ಲ. ನೀಲಿ ಬಾವುಟದ್ದು ಪ್ರವಾಸಿಗಳದ್ದು, ದರ ಜಾಸ್ತಿ. ಕಟ್ಟೆಯಲ್ಲಿ ಜೋರಾಗಿ ಕೂಗಿ ಕರೆಯುವುದು ಸಾಮಾನ್ಯವಾಗಿ ಆ ದೋಣಿಗೇ. "ಆರೆಂಜ್ ಫ್ಲಾಗ್" ಅಂತ ಕೇಳಿ, ಆ ಸಾಲಿನಲ್ಲಿ ನಿಲ್ಲಿ.

ಕಟ್ಟೆಗಳಿಗೂ ಸಂಖ್ಯೆ ಇದೆ. ಎನ್5 ರಾಚ್ಚವೊಂಗ್, ಚೈನಾಟೌನಿಗೆ. ಎನ್8 ಥಾ ತಿಯೆನ್, ವತ್ ಫೋಗೆ. ಎನ್9 ಥಾ ಚಾಂಗ್, ಅರಮನೆಗೆ. ಎನ್13 ಫ್ರಾ ಅಥಿತ್, ಖಾವ್ ಸಾನ್‌ಗೆ.

ದೋಣಿ ಕಟ್ಟೆಗೆ ಬರುವ ರೀತಿಯನ್ನು ಒಂದು ಸಲ ಗಮನಿಸಿ. ನಡೆಸುವವನು ಮುಂದೆ ಕೂತಿರುತ್ತಾನೆ, ಅವನಿಗೆ ಹಿಂದಿನದು ಕಾಣುವುದಿಲ್ಲ. ಹಿಂದುಗಡೆ ಹಗ್ಗ ಹಿಡಿದ ಒಬ್ಬ ನಿಂತಿರುತ್ತಾನೆ, ಬಾಯಲ್ಲಿ ಸೀಟಿ. ಉದ್ದ ಸೀಟಿ, ತುಂಡು ಸೀಟಿ, ಮತ್ತೆ ಎರಡು ತುಂಡು. ಅದನ್ನು ಕೇಳಿಯೇ ನಡೆಸುವವನು ದೋಣಿಯನ್ನು ಹಿಂದೆ ಮುಂದೆ ಮಾಡಿ ಕಟ್ಟೆಗೆ ತಂದು ಅಂಟಿಸುತ್ತಾನೆ. ಹಗ್ಗದವನು ಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿಯುತ್ತಾನೆ, ಗಂಟು ಹಾಕುವುದಿಲ್ಲ. ಜನ ಇಳಿದು ಹತ್ತುವಷ್ಟರಲ್ಲಿ ಮತ್ತೆ ಸೀಟಿ, ಹಗ್ಗ ಬಿಟ್ಟಾಯ್ತು. ಎಲ್ಲ ಒಂದು ನಿಮಿಷದೊಳಗೆ. ಹಾಗಾಗಿ ನಿಮ್ಮ ಕಟ್ಟೆ ಬರುವ ಮೊದಲೇ ಎದ್ದು ಹಿಂದುಗಡೆ ಬಂದು ನಿಂತಿರಬೇಕು. ದೋಣಿಗೂ ಕಟ್ಟೆಗೂ ನಡುವೆ ಒಂದು ಗೇಣಿನ ಸಂದು ಇರುತ್ತೆ, ಕಟ್ಟೆಯೂ ಅಲೆಗೆ ಮೇಲೆ ಕೆಳಗೆ ಆಗುತ್ತಿರುತ್ತೆ. ಅಮ್ಮ ಕಾಲಿಡುವಾಗ ಹಗ್ಗದವನೇ ಕೈ ಕೊಟ್ಟು ಇಳಿಸಿದ. ದೊಡ್ಡವರು ಇಳಿಯುವಾಗ ಸೀಟಿಯನ್ನು ಸ್ವಲ್ಪ ತಡೆಹಿಡಿಯುತ್ತಾರೆ. ಭಯ ಬೇಡ, ಅವಸರವೂ ಬೇಡ.

ಥಾ ತಿಯೆನ್‌ನಿಂದ ನದಿಯ ಆಚೆ ದಡದ ವತ್ ಅರುಣ್‌ಗೆ ದಾಟುವ ಸಣ್ಣ ದೋಣಿ ಬೇರೆ. ಐದು ಬಾತ್ ಆಸುಪಾಸು. ಅರುಣ್ ಅಂದರೆ ನಮ್ಮ ಅರುಣನೇ, ಬೆಳಗಿನ ದೇವರು.

ಒಂದು ಎಚ್ಚರಿಕೆ. ಅರಮನೆಯ ಸುತ್ತ ಅಂದವಾಗಿ ಬಟ್ಟೆ ಹಾಕಿಕೊಂಡವರು ಬಂದು "ಇವತ್ತು ಅರಮನೆ ಮುಚ್ಚಿದೆ, ಬನ್ನಿ ತುಕ್‌ತುಕ್‌ನಲ್ಲಿ ಬೇರೆ ದೇವಸ್ಥಾನ ತೋರಿಸುತ್ತೇನೆ, ಇಪ್ಪತ್ತೇ ಬಾತ್" ಅನ್ನಬಹುದು. ತುಕ್‌ತುಕ್ ಅಂದರೆ ಅಲ್ಲಿಯ ಆಟೊ. ಆ ಸವಾರಿ ಕೊನೆಗೆ ಮುಟ್ಟುವುದು ಒಡವೆ ಅಂಗಡಿಗೋ ದರ್ಜಿ ಅಂಗಡಿಗೋ. ಅವರ ಮಾತು ಕೇಳದೆ ನೇರ ಅರಮನೆಯ ಬಾಗಿಲಿಗೇ ಹೋಗಿ ನೋಡಿ.

ಕಾಲುವೆಯ ದೋಣಿ

ನದಿಯ ದೋಣಿ ನಿಧಾನ. ಸೇನ್ ಸೇಪ್ ಕಾಲುವೆಯ ದೋಣಿ ಹಾಗಲ್ಲ. ಮೂರನೇ ರಾಮ ಅನ್ನುವ ಥಾಯ್ ರಾಜನ ಕಾಲದಲ್ಲಿ, 1837ರಿಂದ 1840ರವರೆಗೆ ತೋಡಿದ ಕಾಲುವೆ ಇದು. ಹಳೇ ಊರಿನ ಅಂಚಿನ ಫಾನ್‌ಫಾ ಕಟ್ಟೆಯಿಂದ ಪೂರ್ವಕ್ಕೆ, ಊರಿನ ಹೊಟ್ಟೆಯೊಳಗಿಂದಲೇ ಹಾದುಹೋಗುತ್ತೆ. ಸಂಜೆ ಹೊತ್ತು ರಸ್ತೆ ಕಟ್ಟಿಕೊಂಡಾಗ ಹಳೇ ಊರಿನಿಂದ ಸಯಾಮ್ ಕಡೆಗೆ ಇದಕ್ಕಿಂತ ಬೇಗ ಬೇರೆ ಯಾವುದೂ ಮುಟ್ಟಿಸುವುದಿಲ್ಲ. ಸಯಾಮ್ ಹತ್ತಿರದ ಕಟ್ಟೆ ಹುವಾ ಚಾಂಗ್. ಪ್ರತೂನಾಮ್‌ನಲ್ಲಿ ಎಲ್ಲರೂ ಇಳಿದು ಇನ್ನೊಂದು ದೋಣಿ ಹತ್ತಬೇಕು. ಎಲ್ಲರೂ ಇಳಿಯುವುದರಿಂದ ಗೊತ್ತಾಗುತ್ತೆ. ಟಿಕೆಟ್ ಹಿಡಿದಿಟ್ಟುಕೊಳ್ಳಿ, ಅದೇ ಮುಂದಕ್ಕೂ ನಡೆಯುತ್ತೆ.

ಟಿಕೆಟ್ ಕೊಡುವವರು ಹೆಲ್ಮೆಟ್ ಹಾಕಿಕೊಂಡು ದೋಣಿಯ ಅಂಚಿನ ಮೇಲೇ ನಡೆದು ಬರುತ್ತಾರೆ. ಸೇತುವೆಗಳು ತಗ್ಗು, ಅದಕ್ಕೇ ಹೆಲ್ಮೆಟ್. ಎದುರಿನಿಂದ ಇನ್ನೊಂದು ದೋಣಿ ಬಂದರೆ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಮೇಲೇರಿಸಬೇಕು. ನೀರು ಕೊಳಕು, ಬಾಯಿ ಮುಚ್ಚಿಕೊಂಡಿರಿ. ನಿಲ್ಲುವುದು ಕೆಲವೇ ಸೆಕೆಂಡು, ಹತ್ತುವಾಗ ಸ್ವಲ್ಪ ನೆಗೆಯಬೇಕು. ಅಮ್ಮನನ್ನು ಇದಕ್ಕೆ ಹತ್ತಿಸಲಿಲ್ಲ. ನೀವೂ ವಯಸ್ಸಾದವರನ್ನು ಹತ್ತಿಸಬೇಡಿ. ಕತ್ತಲಾದ ಮೇಲೆ ಇದನ್ನು ನಂಬಿಕೊಂಡೂ ಕೂರಬೇಡಿ.

ಬಸ್ಸು

ರೈಲಿಲ್ಲದ ಕಡೆಗೆಲ್ಲ ಬಸ್ ಇದೆ. ಆದರೆ ಅದೂ ರಸ್ತೆಯಲ್ಲೇ ನಿಲ್ಲಬೇಕಲ್ಲ. ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ಹತ್ತಿದರೆ ಹಿತ. ಏಸಿ ಇಲ್ಲದ ಕೆಂಪು ಬಸ್ಸಿಗೆ 8 ಬಾತ್, ಎಷ್ಟು ದೂರ ಹೋದರೂ ಅಷ್ಟೇ. ಹೊಸ ಎಲೆಕ್ಟ್ರಿಕ್ ಏಸಿ ಬಸ್ಸುಗಳಿಗೆ ದೂರ ನೋಡಿ 15ರಿಂದ 25. ಮಾರ್ಗಗಳ ನಂಬರ್ ಈಚೆಗೆ ಬದಲಾಗಿವೆ, ಹಳೇ ನಂಬರೂ ಹೊಸ ನಂಬರೂ ಎರಡೂ ಬಳಕೆಯಲ್ಲಿವೆ. ಹಾಗಾಗಿ ಬಸ್ ಎಲ್ಲಿದೆ ಅಂತ ತೋರಿಸುವ ವಯಾಬಸ್ ಆ್ಯಪ್ ಹಾಕಿಕೊಳ್ಳಿ. ಬಸ್ ಬಂದಾಗ ಕೈ ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ನಿಲ್ಲಿಸದೇ ಹೋಗಬಹುದು.

ಕಂಡಕ್ಟರ್ ಕೈಯಲ್ಲಿ ಉದ್ದನೆಯ ಲೋಹದ ಕೊಳವೆ ಇರುತ್ತೆ. ಅದರ ಮುಚ್ಚಳವನ್ನು ಟಕ್ ಟಕ್ ಅಂತ ಬಡಿಯುತ್ತಾ ಬರುತ್ತಾರೆ. ನಾಣ್ಯವೂ ಅದರೊಳಗೆ, ಟಿಕೆಟ್ ಸುರುಳಿಯೂ ಅದರೊಳಗೆ. ಟಿಕೆಟ್ ಹರಿಯುವುದೂ ಅದೇ ಮುಚ್ಚಳದಿಂದ. ಟಕ್ ಟಕ್ ಕೇಳಿಸಿದರೆ ಚಿಲ್ಲರೆ ತೆಗೆದಿಟ್ಟುಕೊಳ್ಳಿ. ಸಾವಿರದ ನೋಟು ಕೊಡಬೇಡಿ. ಎಲ್ಲಿ ಇಳಿಯಬೇಕು ಅನ್ನುವುದನ್ನು ಥಾಯ್ ಲಿಪಿಯಲ್ಲಿ ತೋರಿಸಿದರೆ ಕಂಡಕ್ಟರೇ ನೆನಪಿಟ್ಟುಕೊಂಡು ಕರೆಯುತ್ತಾರೆ. ನನಗೆ ಪ್ರತಿ ಸಲವೂ ಕರೆದಿದ್ದಾರೆ.

ಸೊಯ್ ಒಳಗಿನ ಕೊನೇ ದಾರಿ

ಸೊಯ್ ಬಾಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಬೈಕಿನವರ ಗುಂಪು ಇರುತ್ತೆ. ಆ ಸ್ಟ್ಯಾಂಡಿಗೆ 'ವಿನ್' ಅನ್ನುತ್ತಾರೆ. ಎಷ್ಟೋ ಕಡೆ ದರದ ಪಟ್ಟಿಯ ಹಲಗೆಯೂ ಇರುತ್ತೆ. ಸೊಯ್ ಒಳಗಿನ ಸಣ್ಣ ದೂರಕ್ಕೆ ಹತ್ತು, ಇಪ್ಪತ್ತು ಬಾತ್. ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ, ಮಂಡಿ ಒಳಗೆ ಒತ್ತಿಕೊಂಡು ಕೂರಿ. ವಾಹನಗಳ ಸಂದಿನಲ್ಲೇ ನುಗ್ಗುತ್ತಾರೆ. ದೊಡ್ಡ ರಸ್ತೆಯಲ್ಲಿ ದೂರದ ಪ್ರಯಾಣಕ್ಕೆ ಬೈಕ್ ಬೇಡ.

ಟ್ಯಾಕ್ಸಿಗೆ ಬರುವುದಾದರೆ, ಮೀಟರ್ 35 ಬಾತ್‌ನಿಂದ ಶುರುವಾಗುತ್ತೆ. ಎಕ್ಸ್‌ಪ್ರೆಸ್‌ವೇ ಟೋಲ್ ನೀವೇ ಕೊಡಬೇಕು. ಸುವರ್ಣಭೂಮಿಯ ಸಾಲಿನಿಂದ ಹತ್ತಿದರೆ ಮೇಲೆ 50 ಬಾತ್. "ಮೀಟರ್" ಅಂತ ಬಾಗಿಲು ತೆರೆದಾಗಲೇ ಹೇಳಿ. ಒಪ್ಪದಿದ್ದರೆ ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿ, ಜಗಳ ಬೇಡ. ಮುಂದಿನದು ಬರುತ್ತೆ. ಗ್ರ್ಯಾಬ್, ಬೋಲ್ಟ್ ಆ್ಯಪ್‌ಗಳಲ್ಲಿ ದರ ಮೊದಲೇ ಕಾಣುವುದರಿಂದ ಆ ಮಾತುಕತೆಯೇ ಇಲ್ಲ. ಮೂರು ನಾಲ್ಕು ಜನ ಇದ್ದು, ರಾತ್ರಿ ಹತ್ತರ ನಂತರ ರಸ್ತೆ ಖಾಲಿ ಇದ್ದರೆ ಟ್ಯಾಕ್ಸಿಯೇ ಸರಿ.

ನಾಲ್ಕು ಮಾತು ಕಲಿತುಕೊಳ್ಳಿ. 'ಪೈ' ಅಂದರೆ ಹೋಗು. 'ಪೈ ಸಯಾಮ್ ಮೈ' ಅಂದರೆ ಸಯಾಮ್‌ಗೆ ಹೋಗುತ್ತಾ. 'ಥಾವ್ ರೈ' ಅಂದರೆ ಎಷ್ಟು. 'ಚೊತ್ ಥೀ ನೀ' ಅಂದರೆ ಇಲ್ಲಿ ನಿಲ್ಲಿಸಿ. ಗಂಡಸರು ಕೊನೆಗೆ 'ಖ್ರಪ್' ಸೇರಿಸಬೇಕು, ಹೆಂಗಸರು 'ಖಾ'. ನಮ್ಮ 'ರೀ' ಇದ್ದ ಹಾಗೆ, ಸೇರಿಸಿದರೆ ಮಾತಿಗೆ ಮರ್ಯಾದೆ ಬರುತ್ತೆ.

ಮೊದಲ ದಿನಕ್ಕೊಂದು ಸುತ್ತು

ಅಸೋಕ್‌ನಲ್ಲಿ ಇದ್ದೀರಿ ಅಂತ ಇಟ್ಟುಕೊಳ್ಳೋಣ. ಬೆಳಗ್ಗೆ ಒಂಬತ್ತೂವರೆಗೆ, ಆಫೀಸಿನ ನೂಕುನುಗ್ಗಲು ಕಮ್ಮಿಯಾದ ಮೇಲೆ ಹೊರಡಿ. ಸುಖುಮ್ವಿತ್ ಎಂಆರ್‌ಟಿಯಲ್ಲಿ ಲಕ್ ಸೊಂಗ್ ಕಡೆಯ ರೈಲು ಹತ್ತಿ ನೇರ ಸನಾಮ್ ಚೈ. ನಡೆದು ವತ್ ಫೋ. ಅಲ್ಲಿಂದ ಥಾ ತಿಯೆನ್ ಕಟ್ಟೆ, ಸಣ್ಣ ದೋಣಿಯಲ್ಲಿ ವತ್ ಅರುಣ್, ವಾಪಸ್. ಮಧ್ಯಾಹ್ನ ಮೂರರ ಹೊತ್ತಿಗೆ ಕಿತ್ತಳೆ ಬಾವುಟದ ದೋಣಿಯಲ್ಲಿ ದಕ್ಷಿಣಕ್ಕೆ ಸಾಥೊನ್. ಮೇಲೆ ಹತ್ತಿ ಬಿಟಿಎಸ್‌ನಲ್ಲಿ ಸಯಾಮ್. ಇಳಿದು ಮೇಲ್ನಡಿಗೆ ಸೇತುವೆಯ ಮೇಲೇ ಚಿತ್ ಲೊಮ್ ಕಡೆ ನಡೆದರೆ ಕೆಳಗೆ ಎರಾವಣ್ ಗುಡಿ ಕಾಣುತ್ತೆ. ನಾಲ್ಕು ಮುಖದ ಬ್ರಹ್ಮ. ನಮ್ಮಲ್ಲಿ ಬ್ರಹ್ಮನಿಗೆ ಗುಡಿ ಅಪರೂಪ. ಅಲ್ಲಿ ನಟ್ಟನಡು ಪೇಟೆಯಲ್ಲಿ ಚೆಂಡುಹೂವಿನ ಹಾರದಲ್ಲಿ ಮುಳುಗಿ ಕೂತಿದ್ದಾನೆ. ಅಮ್ಮ ಎರಡು ದಿನ ಹೋದರು. ಅಲ್ಲಿಂದ ಚಿತ್ ಲೊಮ್ ಇ1, ಮೂರು ಸ್ಟೇಷನ್ ಆದರೆ ಅಸೋಕ್. ದೇವಸ್ಥಾನಗಳ ಪ್ರವೇಶ ಟಿಕೆಟ್ ಬಿಟ್ಟು ಇಡೀ ದಿನದ ಓಡಾಟಕ್ಕೆ ಒಬ್ಬರಿಗೆ ಸುಮಾರು 150 ಬಾತ್.

ಜೂನ್‌ನಿಂದ ಅಕ್ಟೋಬರ್ ನಡುವೆ ಹೋಗುವವರು ಮಡಚುವ ಛತ್ರಿ ಬ್ಯಾಗಿನಲ್ಲೇ ಇಟ್ಟುಕೊಂಡಿರಿ. ಸಂಜೆ ಮಳೆ ಬಂದರೆ ಸೊಯ್‌ಗಳಲ್ಲಿ ನೀರು ನಿಲ್ಲುತ್ತೆ. ಟ್ಯಾಕ್ಸಿ ಸಿಗುವುದಿಲ್ಲ. ಸ್ಟೇಷನ್ನಿನೊಳಗೆ ಅರ್ಧ ಗಂಟೆ ಕಾದರೆ ಮಳೆ ನಿಲ್ಲುತ್ತೆ.

ವಾಪಸ್ ಬರುವ ದಿನ ವಿಮಾನ ರಾತ್ರಿ ಇದ್ದರೆ, ಸಂಜೆ ಐದರಿಂದ ಏಳರವರೆಗೆ ಟ್ಯಾಕ್ಸಿಯಲ್ಲಿ ವಿಮಾನ ನಿಲ್ದಾಣಕ್ಕೆ ಹೊರಡುವ ಧೈರ್ಯ ಮಾಡಬೇಡಿ. ಫಯಾ ಥಾಯ್‌ಗೆ ಬಂದು ಏರ್‌ಪೋರ್ಟ್ ರೈಲು ಹಿಡಿಯಿರಿ. ಅದು ಮೊದಲ ನಿಲ್ದಾಣವಾದ್ದರಿಂದ ಕೂರಲು ಜಾಗ ಸಿಗುತ್ತೆ, ಸೂಟ್‌ಕೇಸ್ ಕಾಲ ಹತ್ತಿರ ಇಟ್ಟುಕೊಳ್ಳಬಹುದು. ಮಕ್ಕಸಾನ್‌ನಲ್ಲಿ ಹತ್ತುವವರಿಗೆ ಆ ಹೊತ್ತಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಜೇಬಿನಲ್ಲಿ ಉಳಿದ ನಾಣ್ಯಗಳನ್ನೆಲ್ಲ ಟಿಕೆಟ್ ಮೆಷಿನ್ನಿಗೇ ಹಾಕಿ. ಅವನ್ನು ಬೆಂಗಳೂರಿನಲ್ಲಿ ಯಾರೂ ಬದಲಿಸಿ ಕೊಡುವುದಿಲ್ಲ.